ಕರ್ತೃವಿಲ್ಲದ ಸಾವು

ಕನ್ನಡದಲ್ಲಿ ‘ಕೊಂದ’, ‘ಸಾಯಿಸಿದ’, ‘ಕೊಲೆಯಾಯಿತು’, ‘ಪ್ರಾಣ ಹೋಯಿತು’ ಎಂಬ ನಾಲ್ಕೂ ಮಾತುಗಳು ಒಂದೇ ಹೆಣದ ಬಗ್ಗೆ ಇರಬಹುದು. ಮೊದಲಿನ ಎರಡರಲ್ಲಿ ಒಬ್ಬ ಮನುಷ್ಯ ಇದ್ದಾನೆ, ಆಮೇಲಿನ ಎರಡರಲ್ಲಿ ಇಲ್ಲ. ‘ಏನೋ ಕೈತಪ್ಪಿ ಆಗಿಹೋಯ್ತು’ ಎಂಬ ಮಾತಿನಲ್ಲಂತೂ ಕೈ ತಾನಾಗಿ ತಪ್ಪುತ್ತದೆ, ಆಗುವುದು ತಾನಾಗಿ ಆಗುತ್ತದೆ, ಮನುಷ್ಯ ಪಕ್ಕದಲ್ಲಿ ಕೂತು ನೋಡುತ್ತಿರುತ್ತಾನೆ. ತಪ್ಪೊಪ್ಪಿಗೆಯ ಕಥನಗಳ ಬಗ್ಗೆ ಪಿಎಚ್‌.ಡಿ. ಮಾಡುತ್ತಿರುವುದರಿಂದ ಇಂಥ ವಾಕ್ಯಗಳನ್ನು ಬಿಡಿಸಿ ನೋಡುವ ಚಾಳಿ ನನಗೆ ಅಂಟಿಕೊಂಡಿದೆ. ‘ದಿ ಪ್ರೆಪ್ಪಿ ಮರ್ಡರ್: ಡೆತ್ ಇನ್ ಸೆಂಟ್ರಲ್ ಪಾರ್ಕ್’ ಎಂಬ ಐದು ಕಂತುಗಳ ಸಾಕ್ಷ್ಯಚಿತ್ರವನ್ನು ನೋಡುವಾಗಲೂ ನನ್ನ ಗಮನ ಕೊಲೆಗಿಂತ ಹೆಚ್ಚಾಗಿ ಅದರ ಬಗ್ಗೆ ಆಡಿದ ವಾಕ್ಯಗಳ ಮೇಲೆಯೇ ನಿಂತಿತು. ರಿಕಿ ಸ್ಟರ್ನ್ ಮತ್ತು ಆನಿ ಸಂಡ್‌ಬರ್ಗ್ ನಿರ್ದೇಶಿಸಿದ ಈ ಚಿತ್ರ ಬಂದದ್ದು 2019ರಲ್ಲಿ. ಅದರೊಳಗಿನ ಘಟನೆ ನ್ಯೂಯಾರ್ಕಿನದು, ನಾಲ್ಕು ದಶಕದಷ್ಟು ಹಳೆಯದು.

1986ರ ಆಗಸ್ಟ್ 26ರ ಮುಂಜಾನೆ, ಮೆಟ್ರೊಪಾಲಿಟನ್ ಮ್ಯೂಸಿಯಂನ ಹಿಂಭಾಗದಲ್ಲಿ, ಸೆಂಟ್ರಲ್ ಪಾರ್ಕಿನ ಮರವೊಂದರ ಕೆಳಗೆ, 18 ವರ್ಷದ ಜೆನ್ನಿಫರ್ ಲೆವಿನ್ ಹೆಣವಾಗಿ ಬಿದ್ದಿದ್ದಳು. ಸೈಕಲ್ ಹೊಡೆಯುತ್ತ ಬಂದವರೊಬ್ಬರು ನೋಡಿದರು. ಹಿಂದಿನ ರಾತ್ರಿ ಡೋರಿಯನ್ಸ್ ರೆಡ್ ಹ್ಯಾಂಡ್ ಎಂಬ ಬಾರಿನಿಂದ ಅವಳು 19 ವರ್ಷದ ರಾಬರ್ಟ್ ಚೇಂಬರ್ಸ್ ಜೊತೆ ಹೊರಟದ್ದನ್ನು ಗೆಳತಿಯರು ಕಂಡಿದ್ದರು. ಪೊಲೀಸರು ಅವನ ಮನೆಗೆ ಹೋದಾಗ ಮುಖದ ಮೇಲೆ ಪರಚಿದ ಗಾಯಗಳು. ಬೆಕ್ಕು ಪರಚಿತು ಅಂದ. ಆ ಬೆಕ್ಕಿನ ಉಗುರುಗಳನ್ನು ಮೊದಲೇ ತೆಗೆಸಿದ್ದರು. ಜೆನ್ನಿಫರಳ ಶವದ ಸುತ್ತ ಪೊಲೀಸರು ಸೇರಿದ್ದಾಗ ಅವನು ಸ್ವಲ್ಪ ದೂರದ ಗೋಡೆಯ ಮೇಲೆ ಕೂತು ನೋಡುತ್ತಿದ್ದ ಎಂಬುದೂ ಆಮೇಲೆ ಗೊತ್ತಾಯಿತು.

ಕೊಲೆಯ ಎರಡು ಆರೋಪಗಳ ಮೇಲೆ 1988ರ ಜನವರಿಯಲ್ಲಿ ವಿಚಾರಣೆ ಶುರುವಾಯಿತು. ಕೊನೆಗೆ ಜ್ಯೂರಿ ಒಂಬತ್ತು ದಿನ ಬಾಗಿಲು ಹಾಕಿಕೊಂಡು ಚರ್ಚಿಸಿಯೂ ಒಂದು ಮಾತಿಗೆ ಬರಲಿಲ್ಲ. ಮಾರ್ಚ್ 25ರಂದು ಸರ್ಕಾರದ ಪರ ವಕೀಲೆ ಲಿಂಡಾ ಫೇರ್‌ಸ್ಟೀನ್ ಮತ್ತು ಚೇಂಬರ್ಸ್ ಪರ ವಕೀಲ ಜ್ಯಾಕ್ ಲಿಟ್‌ಮನ್ ಒಂದು ಒಪ್ಪಂದಕ್ಕೆ ಬಂದರು. ಕೊಲೆಯ ಆರೋಪ ಬಿಟ್ಟು, ಅವನು ಮೊದಲ ದರ್ಜೆಯ ಮ್ಯಾನ್‌ಸ್ಲಾಟರ್ ಮಾಡಿದ್ದಾಗಿ ಒಪ್ಪಿಕೊಳ್ಳುವುದು. ಶಿಕ್ಷೆ 5ರಿಂದ 15 ವರ್ಷ. ಏಪ್ರಿಲ್ 15ರಂದು ನ್ಯಾಯಮೂರ್ತಿ ಹೊವರ್ಡ್ ಬೆಲ್ ಅಷ್ಟನ್ನೇ ವಿಧಿಸಿದರು.

ಮ್ಯಾನ್‌ಸ್ಲಾಟರ್ ಎಂಬುದಕ್ಕೆ ನಮ್ಮ ಕಾನೂನಿನ ಕನ್ನಡ ಬಹಳ ಉದ್ದವಾದ ಹೆಸರಿಟ್ಟಿದೆ: ಕೊಲೆಯಲ್ಲದ ದಂಡನೀಯ ನರಹತ್ಯೆ. ಅದು ಏನಲ್ಲ ಎಂಬುದನ್ನು ಮೊದಲು ಹೇಳಿ ಆಮೇಲೆ ಏನು ಎಂದು ಹೇಳುವ ಪದ. ಈ ಒಪ್ಪಂದಕ್ಕೆ ಈ ಅನುವಾದ ಮೂಲಕ್ಕಿಂತ ಚೆನ್ನಾಗಿ ಹೊಂದುತ್ತದೆ. ನ್ಯೂಯಾರ್ಕಿನ ದಂಡಸಂಹಿತೆಯಲ್ಲಿ ಎರಡರ ನಡುವಿನ ಗೆರೆ ತೀರ ತೆಳುವಾದದ್ದು. ಸಾಯಿಸಬೇಕೆಂಬ ಉದ್ದೇಶದಿಂದ ಸಾಯಿಸಿದರೆ ಕೊಲೆ. ಗಂಭೀರವಾಗಿ ಗಾಯಗೊಳಿಸಬೇಕೆಂಬ ಉದ್ದೇಶವಿದ್ದು, ಅದರಿಂದ ಸಾವು ಬಂದರೆ ಮೊದಲ ದರ್ಜೆಯ ಮ್ಯಾನ್‌ಸ್ಲಾಟರ್. ಕೈ ಅದೇ, ಕತ್ತು ಅದೇ, ಸತ್ತವಳು ಅವಳೇ. ಬದಲಾಗುವುದು ಕೊಂದವನ ಮನಸ್ಸಿನೊಳಗಿನ ಒಂದು ಕ್ರಿಯಾಪದ ಮಾತ್ರ. ಆ ಕ್ರಿಯಾಪದ ಯಾವುದೆಂದು ಜ್ಯೂರಿ ಹುಡುಕುತ್ತಿರುವಾಗಲೇ ಇಬ್ಬರು ವಕೀಲರು ಅದನ್ನು ಹೊರಗೆ ಕೂತು ಗೊತ್ತುಮಾಡಿದರು.

ಇದಕ್ಕೆ ಮುಂಚಿನ ಪಠ್ಯವೊಂದಿದೆ. ಬಂಧನದ ದಿನ ಚೇಂಬರ್ಸ್ ವಿಡಿಯೊ ಕ್ಯಾಮೆರಾದ ಮುಂದೆ ಕೊಟ್ಟ ಹೇಳಿಕೆ ಅದು. ಸಾಕ್ಷ್ಯಚಿತ್ರ ಅದನ್ನು ಧಾರಾಳವಾಗಿ ಬಳಸಿಕೊಂಡಿದೆ, ಅದು ಸರಿಯೂ ಹೌದು. ಎತ್ತರದ, ಅಗಲ ಭುಜದ ಹುಡುಗ ಕುರ್ಚಿಯಲ್ಲಿ ಕೂತು ಆರಾಮವಾಗಿ ಹೇಳುತ್ತಾನೆ. ಅವನ ಕಥೆಯಲ್ಲಿ ಅವಳೇ ಹಿಂದೆ ಬಿದ್ದವಳು, ಅವಳೇ ಕರೆದವಳು, ಅವಳೇ ಮೊದಲು ಪರಚಿದವಳು, ಅವನ ಕೈ ಕಟ್ಟಿದವಳು, ಅವನಿಗೆ ತಡೆಯಲಾರದ ನೋವು ಕೊಟ್ಟವಳು. ಅವನು ಬಿಡಿಸಿಕೊಳ್ಳಲು ಹಿಂದಿನಿಂದ ಎಳೆದ, ಅಷ್ಟೆ. ಅವಳು ಬಿದ್ದಳು, ಅಲುಗಾಡಲಿಲ್ಲ. ಈ ಹೇಳಿಕೆಯನ್ನು ವ್ಯಾಕರಣದ ಪಾಠದಂತೆ ಓದಿ ನೋಡಿ. ಎಲ್ಲ ಕ್ರಿಯೆಗಳಿಗೂ ಕರ್ತೃ ಅವಳು. ಸಾಯುವ ಕ್ರಿಯೆ ಬಂದಾಗ ಮಾತ್ರ ಕರ್ತೃ ಇಲ್ಲವಾಗುತ್ತದೆ, ಅಥವಾ ಅದಕ್ಕೂ ಅವಳೇ ಕರ್ತೃವಾಗುತ್ತಾಳೆ. ಪ್ರಶ್ನೆ ಕೇಳುತ್ತಿದ್ದ ಸಹಾಯಕ ಜಿಲ್ಲಾ ಅಟಾರ್ನಿಗೆ ಇದು ನಂಬಿಕೆಯಾಗುತ್ತಿಲ್ಲ ಎಂಬುದು ಅವರ ದನಿಯಲ್ಲೇ ಗೊತ್ತಾಗುತ್ತದೆ. ಆದರೆ ಪತ್ರಿಕೆಗಳಿಗೆ ಅದೇ ಬೇಕಾಗಿತ್ತು. ಹುಡುಗಿ ತಾನೇ ಸಾವನ್ನು ಒಲಿಸಿಕೊಂಡಳು ಎಂಬ ಧಾಟಿಯ ತಲೆಬರಹವೂ ಅಲ್ಲಿನ ಟ್ಯಾಬ್ಲಾಯ್ಡ್‌ನಲ್ಲಿ ಬಂತು. ಆರೋಪಿಯ ವ್ಯಾಕರಣ ಮರುದಿನದ ಪತ್ರಿಕೆಯ ವ್ಯಾಕರಣವಾಗುವುದು ನಮಗೇನೂ ಹೊಸದಲ್ಲ. ‘ಅಷ್ಟು ಹೊತ್ತಲ್ಲಿ ಅವಳಿಗೆ ಅಲ್ಲೇನು ಕೆಲಸ’ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳದವರು ಯಾರು?

ಒಪ್ಪಂದ ಮಾಡಿಕೊಂಡದ್ದೇ ದ್ರೋಹ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಚಿತ್ರದ ಕೊನೆಯ ಭಾಗ ಅತ್ತ ವಾಲುತ್ತದೆ. ನೋಡುತ್ತ ಕೂತವರಿಗೂ ಸಿಟ್ಟು ಬರುವುದು ಸಹಜ. ಆದರೆ ಒಂಬತ್ತು ದಿನ ಒಡೆದು ನಿಂತ ಜ್ಯೂರಿ ಎಂದರೆ ಮುಂದಿನದು ಬಹುಶಃ ರದ್ದಾದ ವಿಚಾರಣೆ. ರದ್ದಾದರೆ ಮತ್ತೆ ಮೊದಲಿನಿಂದ. ಅದೇ ಸಾಕ್ಷಿಗಳು, ಅದೇ ಶವಪರೀಕ್ಷೆಯ ಫೋಟೊಗಳು, ಸತ್ತ ಮಗಳ ನಡತೆಯ ಬಗ್ಗೆ ಅವೇ ಪ್ರಶ್ನೆಗಳು, ಎದುರಿಗೆ ಅದೇ ತಾಯಿ. ಎರಡನೆಯ ಜ್ಯೂರಿ ಅವನನ್ನು ಪೂರ್ತಿ ಬಿಟ್ಟುಬಿಡಲೂಬಹುದಿತ್ತು. ಎರಡೂ ಕಡೆಯವರಿಗೆ ಭಯವಿತ್ತು, ಒಪ್ಪಂದ ಹುಟ್ಟಿದ್ದು ಆ ಭಯದಿಂದ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನನ್ನ ತಕರಾರು ಇರುವುದು ಬೇರೆ ಕಡೆ. ಹೀಗೆ ಹುಟ್ಟಿದ ಪದವನ್ನು ನಾವು ನಡೆದ ಘಟನೆಯ ಹೆಸರೆಂದು ಓದುತ್ತೇವೆ. ಆ ರಾತ್ರಿ ಮರದ ಕೆಳಗೆ ನಡೆದದ್ದು ಮ್ಯಾನ್‌ಸ್ಲಾಟರ್ ಎಂದು ಯಾರೂ ಸಾಬೀತುಮಾಡಲಿಲ್ಲ. ಅದು ಇಬ್ಬರೂ ಸಹಿ ಹಾಕಬಹುದಾದ ಪದವಾಗಿತ್ತು, ಅಷ್ಟೆ. ವಿಮರ್ಶಕರು ಒಂದು ಪಠ್ಯದ ಮೇಲೆ ತೀರ್ಪು ಕೊಡುವಾಗ ಅದು ಯಾವ ಒತ್ತಡದಲ್ಲಿ ರೂಪುಗೊಂಡಿತು ಎಂದು ಕೇಳುತ್ತಾರೆ. ಕೋರ್ಟಿನ ಪಠ್ಯಕ್ಕೆ ಮಾತ್ರ ಆ ಪ್ರಶ್ನೆ ಕೇಳುವ ಅಭ್ಯಾಸ ನಮಗಿಲ್ಲ.

ಹೀಗಿದ್ದೂ ಫೇರ್‌ಸ್ಟೀನ್ ಒಂದು ಪಟ್ಟು ಹಿಡಿದರು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಗಳಿಗೆ ಅದು. ಸುಮ್ಮನೆ ‘ಅಪರಾಧಿ’ ಎಂದು ಒಪ್ಪಿಕೊಂಡರೆ ಸಾಲದು, ತೆರೆದ ಕೋರ್ಟಿನಲ್ಲಿ, ಎಲ್ಲರೆದುರು, ಉದ್ದೇಶವಿತ್ತು ಎಂಬುದನ್ನು ಅವನ ಬಾಯಿಂದಲೇ ಹೇಳಿಸಬೇಕು. ಅಮೆರಿಕದ ಕೋರ್ಟುಗಳಲ್ಲಿ ಇದಕ್ಕೆ ಅಲೊಕ್ಯೂಷನ್ ಎನ್ನುತ್ತಾರೆ. ಒಪ್ಪಂದ ಎಷ್ಟೇ ಚೌಕಾಸಿಯಿಂದ ಆಗಿರಲಿ, ಕೊನೆಗೆ ಒಬ್ಬ ಮನುಷ್ಯ ಎದ್ದು ನಿಂತು ಉತ್ತಮ ಪುರುಷದಲ್ಲಿ ಒಂದು ವಾಕ್ಯ ಆಡಬೇಕು. ಆ ದಿನ ಅವನನ್ನು ಕೇಳಿದರು: ಆ ರಾತ್ರಿ ಜೆನ್ನಿಫರಳಿಗೆ ಗಂಭೀರವಾಗಿ ಗಾಯ ಮಾಡುವ ಉದ್ದೇಶ ನಿಮಗಿತ್ತೇ, ಆ ಮೂಲಕ ಅವಳ ಸಾವಿಗೆ ಕಾರಣರಾದಿರೇ? ಅವನ ಉತ್ತರದ ತಾತ್ಪರ್ಯ ಇಷ್ಟು: ಹಿಂತಿರುಗಿ ನೋಡಿದರೆ ಹೌದು ಎನ್ನಲೇಬೇಕು, ಆದರೆ ಹೃದಯದಲ್ಲಿ ಹಾಗಾಗಲೆಂದು ಬಯಸಿರಲಿಲ್ಲ. ಹೇಳುವಾಗ ತಲೆ ಅಡ್ಡಡ್ಡ ಆಡುತ್ತಿತ್ತು. ಸರ್ಕಾರದ ಕಡೆಯವರಿಗೆ ಹೃದಯ ಬೇಕಾಗಿರಲಿಲ್ಲ. ಮತ್ತೆ ಕೇಳಿದರು. ಕೊನೆಗೆ ಹೌದು ಅಂದ.

ಇದನ್ನು ಕನ್ನಡಕ್ಕೆ ತರುವಾಗ ನನ್ನ ಪೆನ್ನು ಎರಡು ಕಡೆ ನಿಂತಿತು. ಮೊದಲನೆಯದು ‘ನೀನು’, ‘ನೀವು’ಗಳ ತೊಡಕು. ಅಲ್ಲಿ ಅವನು ‘ಮಿಸ್ಟರ್ ಚೇಂಬರ್ಸ್’, ಹಾಗಾಗಿ ಬಹುವಚನ ಹಾಕಿದ್ದೇನೆ. ನಮ್ಮ ಕೋರ್ಟಿನ ಕಟಕಟೆಯಲ್ಲಿ ನಿಂತ ಹತ್ತೊಂಬತ್ತರ ಹುಡುಗನಿಗೆ ಆ ಬಹುವಚನ ಸಿಗುತ್ತಿತ್ತೇ ಎಂಬುದು ಅವನ ಅಪ್ಪ ಯಾರು ಎಂಬುದರ ಮೇಲೆ ಹೋಗುತ್ತಿತ್ತು. ಎರಡನೆಯ ತೊಡಕು ದೊಡ್ಡದು. ಆ ಪ್ರಶ್ನೆಯಲ್ಲಿ ‘ಕೊಂದಿರೇ’ ಎಂಬ ಪದವೇ ಇಲ್ಲ! ಗಾಯದ ಉದ್ದೇಶವಿದೆ, ಸಾವಿಗೆ ಕಾರಣವಾಗುವುದಿದೆ, ನಡುವೆ ‘ಆ ಮೂಲಕ’ ಎಂಬ ಸೇತುವೆಯಿದೆ. ಕೊಲ್ಲುವ ಕ್ರಿಯಾಪದ ಆ ಸೇತುವೆಯ ಕೆಳಗಿನಿಂದ ಹರಿದುಹೋಗಿದೆ. ಎರಡು ವರ್ಷಗಳ ಹಿಂದೆ ವಿಡಿಯೊದಲ್ಲಿ ಅವನು ತಪ್ಪಿಸಿಕೊಂಡಿದ್ದ ಪದವನ್ನು ಕಾನೂನೇ ಈಗ ಅವನ ಪರವಾಗಿ ತಪ್ಪಿಸಿಕೊಟ್ಟಿತು. ಆದರೂ ‘ಉದ್ದೇಶ’ ಎಂಬ ಪದ ಒಳಗೆ ಬಂತಲ್ಲ, ಅದು ಸಣ್ಣದಲ್ಲ. ಬಿಡಿಸಿಕೊಳ್ಳಲು ಎಳೆದೆ ಎಂಬ ಕಥೆಗೂ ಗಾಯ ಮಾಡುವ ಉದ್ದೇಶವಿತ್ತು ಎಂಬ ಮಾತಿಗೂ ಒಂದೇ ಬಾಯಿಯಲ್ಲಿ ಜಾಗವಿಲ್ಲ. ಅವನ ತಲೆ ಅಡ್ಡಡ್ಡ ಆಡಿದ್ದು ಅದಕ್ಕೇ ಇರಬೇಕು.

ದಾಸ್ತೊಯೆವ್‌ಸ್ಕಿಯ ರಾಸ್ಕಾಲ್ನಿಕಾವ್ ಪೊಲೀಸ್ ಠಾಣೆಯಲ್ಲಿ ಆಡುವ ವಾಕ್ಯ ಇಲ್ಲಿ ನೆನಪಾಗದೆ ಇರದು. ಅದರಲ್ಲಿ ಕೊಂದವನು, ಸತ್ತವರಿಬ್ಬರು, ಆಯುಧ, ದೋಚಿದ್ದು ಎಲ್ಲವೂ ಇದೆ. ಕರ್ತೃ, ಕರ್ಮ, ಕರಣ ಯಾವುದೂ ಬಿಟ್ಟುಹೋಗಿಲ್ಲ. ‘ಅಪರಾಧ ಮತ್ತು ಶಿಕ್ಷೆ’ಯನ್ನು ಪಾಠ ಹೇಳುವವರು ಸಾಮಾನ್ಯವಾಗಿ ಉಪಸಂಹಾರದ ಮೊದಲ ಪುಟಗಳನ್ನು ಹಾರಿಸಿ ಸೈಬೀರಿಯಾದ ನದಿಯ ದಡಕ್ಕೆ ಹೋಗುತ್ತಾರೆ. ಆ ಹಾರಿಸಿದ ಪುಟಗಳಲ್ಲಿರುವುದು ಶಿಕ್ಷೆಯ ನಿರ್ಧಾರ. ಕದ್ದ ಪರ್ಸನ್ನು ಅವನು ತೆರೆದೇ ನೋಡಿರಲಿಲ್ಲ, ಕ್ಷಯದಿಂದ ಬಳಲುತ್ತಿದ್ದ ಸಹಪಾಠಿಯನ್ನು ಸಾಕಿದ್ದ, ಬೆಂಕಿಯಿಂದ ಮಕ್ಕಳನ್ನು ಉಳಿಸಿದ್ದ ಎಂಬುದೆಲ್ಲ ಅವನ ಪರವಾಗಿ ಬರುತ್ತದೆ. ಕೊನೆಗೆ ಎಂಟು ವರ್ಷ ಕಠಿಣ ಶಿಕ್ಷೆ, ನಿರೀಕ್ಷೆಗಿಂತ ಕಡಿಮೆ. ಅಲ್ಲೂ ರಿಯಾಯಿತಿ ಉಂಟು. ವ್ಯತ್ಯಾಸ ಇರುವುದು ಅನುಕ್ರಮದಲ್ಲಿ. ಅಲ್ಲಿ ಮೊದಲು ವಾಕ್ಯ, ಆಮೇಲೆ ರಿಯಾಯಿತಿ. ಇಲ್ಲಿ ಮೊದಲು ರಿಯಾಯಿತಿಯ ಅಂಕಿ ಗೊತ್ತಾಯಿತು, ಅದಕ್ಕೆ ತಕ್ಕ ವಾಕ್ಯ ಆಮೇಲೆ ತಯಾರಾಯಿತು.

ಹಾಗಾಗಿ ಏಪ್ರಿಲ್ 15ರಂದು ಶಿಕ್ಷೆ ಪ್ರಕಟವಾದಾಗ ಅದರಲ್ಲಿ ನಾಟಕೀಯವಾದದ್ದೇನೂ ಇರಲಿಲ್ಲ. ಅಂಕಿ ಮೂರು ವಾರ ಮುಂಚೆಯೇ ಊರಿಗೆಲ್ಲ ಗೊತ್ತಿತ್ತು. ನಡೆದದ್ದೇನೆಂದು ಹೇಳಬೇಕಾದ ಜ್ಯೂರಿ ಮನೆಗೆ ಹೋಗಿಯಾಗಿತ್ತು. ನ್ಯಾಯಮೂರ್ತಿ ತೂಗಿ ನೋಡಲು ಹೆಚ್ಚೇನೂ ಉಳಿದಿರಲಿಲ್ಲ. ಅದರ ಬೆನ್ನಿಗೇ ‘ಎ ಕರೆಂಟ್ ಅಫೇರ್’ ಎಂಬ ಟೀವಿ ಕಾರ್ಯಕ್ರಮ ಒಂದು ವಿಡಿಯೊ ತೋರಿಸಿತು. ಜಾಮೀನಿನ ಮೇಲೆ ಹೊರಗಿದ್ದಾಗ ಚೇಂಬರ್ಸ್ ಒಂದು ಪಾರ್ಟಿಯಲ್ಲಿ, ಸುತ್ತ ಹುಡುಗಿಯರು ನಗುತ್ತಿರುವಾಗ, ಗೊಂಬೆಯೊಂದರ ಕುತ್ತಿಗೆ ತಿರುಚುತ್ತಾನೆ. ಅಯ್ಯೋ ಸತ್ತೇಹೋಯಿತೇನೋ ಎಂಬರ್ಥದ ಮಾತಾಡುತ್ತಾನೆ. ಸಾಕ್ಷ್ಯಚಿತ್ರವೂ ಅದನ್ನು ತೋರಿಸುತ್ತದೆ. ಕೋರ್ಟಿನ ‘ಹೌದು’ಗಿಂತ ಇದೇ ನಿಜವಾದ ತಪ್ಪೊಪ್ಪಿಗೆ ಎಂದು ನೋಡುವವರಿಗೆ ಅನ್ನಿಸುತ್ತದೆ. ನನಗೂ ಅನ್ನಿಸಿತು. ಆದರೆ ಗೊಂಬೆಯ ಕುತ್ತಿಗೆ ತಿರುಚುವುದು ಕ್ರೌರ್ಯದ ಸಾಕ್ಷಿಯಾಗಬಹುದು, ಎರಡು ವರ್ಷ ಹಿಂದಿನ ಒಂದು ರಾತ್ರಿಯ ಉದ್ದೇಶದ ಸಾಕ್ಷಿಯಾಗುವುದಿಲ್ಲ. ಅಲ್ಲಿಯೂ ಗಮನಿಸಿ: ಗೊಂಬೆ ತಾನಾಗಿ ಸಾಯುತ್ತದೆ.

ಈ 5ರಿಂದ 15 ಎಂಬ ಅಂಕಿಗೆ ಇನ್ನೊಂದು ಕಥೆ ಅಂಟಿಕೊಂಡಿದೆ. 1989ರ ಏಪ್ರಿಲ್ 19ರಂದು ಅದೇ ಸೆಂಟ್ರಲ್ ಪಾರ್ಕಿನಲ್ಲಿ ಓಡಲು ಬಂದ ಯುವತಿಯೊಬ್ಬರ ಮೇಲೆ ಭೀಕರ ಅತ್ಯಾಚಾರವಾಯಿತು. ಐವರು ಕಪ್ಪು ಮತ್ತು ಲ್ಯಾಟಿನೊ ಹುಡುಗರನ್ನು ಹಿಡಿದರು. ಲೈಂಗಿಕ ಅಪರಾಧಗಳ ಘಟಕದ ಮುಖ್ಯಸ್ಥೆಯಾಗಿ ಆಗಲೂ ಇದ್ದವರು ಫೇರ್‌ಸ್ಟೀನ್. ಗಂಟೆಗಟ್ಟಲೆ ವಿಚಾರಣೆಯ ಬಳಿಕ ಹುಡುಗರು ತಪ್ಪೊಪ್ಪಿಕೊಂಡರು, ವಿಡಿಯೊದಲ್ಲೂ. ಆಮೇಲೆ ಅದು ಬಲವಂತದ್ದು ಎಂದು ಹಿಂತೆಗೆದುಕೊಂಡರು, ಯಾರೂ ಕೇಳಲಿಲ್ಲ. ಅವರಲ್ಲಿ ದೊಡ್ಡವನು, 16 ವರ್ಷದ ಕೋರಿ ವೈಸ್. ವಯಸ್ಕರ ಲೆಕ್ಕದಲ್ಲಿ ಅವನಿಗಾದ ಶಿಕ್ಷೆ 5ರಿಂದ 15 ವರ್ಷ. ನಿಜವಾದ ಅಪರಾಧಿ ಸಿಕ್ಕಿ, ಡಿಎನ್‌ಎ ಹೊಂದಿ, ಐವರ ಶಿಕ್ಷೆಯೂ ರದ್ದಾದದ್ದು 2002ರ ಡಿಸೆಂಬರಿನಲ್ಲಿ. ಎರಡು ತಿಂಗಳಾಗುವಷ್ಟರಲ್ಲಿ, 2003ರ ಫೆಬ್ರುವರಿ 14ರಂದು, ಚೇಂಬರ್ಸ್ ತನ್ನ ಶಿಕ್ಷೆ ಮುಗಿಸಿ ಹೊರಬಂದ. ಜೈಲಿನೊಳಗಿನ ಅವನ ನಡತೆ ಎಷ್ಟು ಕೆಟ್ಟದಾಗಿತ್ತೆಂದರೆ 15 ವರ್ಷ ಪೂರ್ತಿ ಅಲ್ಲೇ ಕಳೆಯಬೇಕಾಯಿತು. ಕೊಂದು ಒಪ್ಪಿಕೊಂಡವನಿಗೂ ಏನೂ ಮಾಡದೆ ಒಪ್ಪಿಕೊಂಡವನಿಗೂ ಒಂದೇ ಅಂಕಿ. ಒಬ್ಬನ ತಪ್ಪೊಪ್ಪಿಗೆ ವಕೀಲರು ಅಕ್ಷರ ಅಕ್ಷರ ತೂಗಿ ಬರೆದದ್ದು, ಇನ್ನೊಬ್ಬನದು ವಕೀಲರೇ ಇಲ್ಲದ ಕೋಣೆಯಲ್ಲಿ ಹುಟ್ಟಿದ್ದು. ಚೇಂಬರ್ಸ್ ಜಾಮೀನಿಗಾಗಿ ಒಬ್ಬ ಆರ್ಚ್‌ಬಿಷಪ್ ಪತ್ರ ಬರೆದಿದ್ದರು ಎಂಬುದನ್ನೂ ಇದರ ಪಕ್ಕದಲ್ಲೇ ಇಟ್ಟು ಓದಬೇಕು. ಹುಡುಗರ ಕಥೆ ಹೇಳುವ ‘ವೆನ್ ದೇ ಸೀ ಅಸ್’ ಸರಣಿಯೂ 2019ರಲ್ಲೇ ಬಂತು. ಒಂದರಲ್ಲಿ ಫೇರ್‌ಸ್ಟೀನ್ ಸತ್ತ ಹುಡುಗಿಯ ಪರ ಹೋರಾಡಿದ ವಕೀಲೆ, ಇನ್ನೊಂದರಲ್ಲಿ ಹುಡುಗರನ್ನು ಮುಗಿಸಿದ ವಕೀಲೆ. ಇಬ್ಬರೂ ಒಬ್ಬರೇ. ನಡುವೆ ಅವರು ಪತ್ತೇದಾರಿ ಕಾದಂಬರಿಕಾರ್ತಿಯೂ ಆದರು. ಎರಡನ್ನೂ ನೋಡದೆ ಒಂದರ ಮೇಲೆ ಅಭಿಪ್ರಾಯ ಕೊಡಬಾರದು ಎಂಬುದು ನನ್ನ ನಿಲುವು.

ಇನ್ನೂ ಒಂದು ಅಂಕಿ ಇದೆ. 2008ರಲ್ಲಿ ಚೇಂಬರ್ಸ್ ಮಾದಕವಸ್ತು ಮಾರಿದ ಪ್ರಕರಣದಲ್ಲಿ ಮತ್ತೆ ತಪ್ಪೊಪ್ಪಿಕೊಂಡ. ಆಗ ಸಿಕ್ಕ ಶಿಕ್ಷೆ 19 ವರ್ಷ. ಜೆನ್ನಿಫರಳಿಗೆ ಹೆಚ್ಚೆಂದರೆ 15.

ಭಾರತದಲ್ಲಿ ಇಂಥ ಒಪ್ಪಂದ ಸಾಧ್ಯವೇ ಇಲ್ಲ, ಕಾಗದದ ಮೇಲಾದರೂ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1976ರಲ್ಲೇ ಈ ಚೌಕಾಸಿಯನ್ನು ಕಟುವಾಗಿ ಟೀಕಿಸಿದ್ದರು. ಅದು ಕೊಲೆಯ ಪ್ರಕರಣವಲ್ಲ, ಆಹಾರ ಕಲಬೆರಕೆಯದು. 2006ರಲ್ಲಿ ಅದು ಕಾನೂನಿನೊಳಗೆ ಬಂದಾಗಲೂ ಏಳು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧಗಳನ್ನು, ಹೆಂಗಸರ ವಿರುದ್ಧದ ಅಪರಾಧಗಳನ್ನು ಹೊರಗಿಟ್ಟರು. ಹೊಸ ಸಂಹಿತೆಯಲ್ಲೂ ಹಾಗೆಯೇ ಇದೆ. ಹಾಗೆಂದು ನಮ್ಮಲ್ಲಿ ರಾಜಿಯೇ ಇಲ್ಲವೆಂದು ಯಾರಾದರೂ ಹೇಳಿದರೆ ಅವರು ಯಾವ ತಾಲ್ಲೂಕು ಕೋರ್ಟಿನ ಆವರಣಕ್ಕೂ ಕಾಲಿಟ್ಟವರಲ್ಲ. ಸಾಕ್ಷಿಗಳು ತಿರುಗಿಬೀಳುತ್ತಾರೆ, ನೋಡಿದವರು ನೋಡಿಲ್ಲ ಅನ್ನುತ್ತಾರೆ, ಪ್ರಕರಣ ಬಿದ್ದುಹೋಗುತ್ತದೆ. ಇಲ್ಲಿಯ ಕ್ರಿಯಾಪದಗಳೂ ಕರ್ತೃವಿಲ್ಲದವು, ಪ್ರಕರಣ ತಾನಾಗಿ ಬೀಳುತ್ತದೆ. ನ್ಯೂಯಾರ್ಕಿನ ವ್ಯವಸ್ಥೆಯನ್ನು ಎಷ್ಟು ಬೈದರೂ ಅಲ್ಲಿ ಒಪ್ಪಂದ ಮಾಡಿಕೊಂಡವನು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಒಂದು ‘ಹೌದು’ ಹೇಳಬೇಕಾಯಿತು. ಅರೆಬರೆ ವಾಕ್ಯವೇ ಆದರೂ ಅದು ದಾಖಲೆಯಲ್ಲಿದೆ. ನಮ್ಮ ರಾಜಿಗಳಿಗೆ ಅಷ್ಟೂ ಪಠ್ಯವಿಲ್ಲ.

ಸಾಕ್ಷ್ಯಚಿತ್ರದ ಬಗ್ಗೆ ನನ್ನ ಮುಖ್ಯ ಅಸಮಾಧಾನ ಅದರ ಹೆಸರಿನ ಮೇಲೆ. ‘ಪ್ರೆಪ್ಪಿ’ ಎಂದರೆ ದುಬಾರಿ ಖಾಸಗಿ ಶಾಲೆಗಳ ಶ್ರೀಮಂತ ಮಕ್ಕಳನ್ನು ಕುರಿತ ಮಾತು. ಆ ವಿಶೇಷಣ ಅಂಟಿದ್ದು ಕೊಂದವನಿಗೆ, ಅದೂ ಪೂರ್ತಿ ನಿಜವಲ್ಲ. ಅವನ ತಾಯಿ ಐರ್ಲೆಂಡಿನಿಂದ ಬಂದ, ಶ್ರೀಮಂತರ ಮನೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ನರ್ಸ್. ಲಿಂಡಾ ವುಲ್ಫ್ ಅವರ 1989ರ ಪುಸ್ತಕ ‘ವೇಸ್ಟೆಡ್’ ಕೂಡ ಉಪಶೀರ್ಷಿಕೆಯಲ್ಲಿ ಇದೇ ಪದ ಇಟ್ಟುಕೊಂಡಿದೆ. ಮೂವತ್ತು ವರ್ಷಗಳ ಬಳಿಕವೂ ಜೆನ್ನಿಫರಳ ಹೆಸರು ಮುಖಪುಟಕ್ಕೆ ಬಂದಿಲ್ಲ. ಬಂದಿರುವುದು ಉದ್ಯಾನದಲ್ಲಿ ನಡೆದ ಒಂದು ‘ಸಾವು’. ಒಳಗೆ ಮಾತ್ರ ಚಿತ್ರ ಈ ಹೆಸರಿಗಿಂತ ತುಂಬ ದೊಡ್ಡದಾಗಿದೆ. ತಾಯಿ, ಅಕ್ಕ, ಈಗ ನಡುವಯಸ್ಸು ದಾಟುತ್ತಿರುವ ಗೆಳತಿಯರು ಮಾತಾಡುತ್ತಾರೆ. ಅವರು ಕೋರ್ಟಿಗೆ ಬೇಕಾದ ಜೆನ್ನಿಫರಳ ಬಗ್ಗೆ ಹೇಳುವುದಿಲ್ಲ, ತಮಗೆ ಗೊತ್ತಿದ್ದವಳ ಬಗ್ಗೆ ಹೇಳುತ್ತಾರೆ, ನಗುತ್ತಾರೆ. ಪ್ರಕರಣದ ಯಾವ ಕಲಮಿಗೂ ಉಪಯೋಗಕ್ಕೆ ಬಾರದ ಆ ಮಾತುಗಳನ್ನು ಕತ್ತರಿಸದೆ ಉಳಿಸಿಕೊಂಡದ್ದಕ್ಕೆ ನಿರ್ದೇಶಕಿಯರನ್ನು ಮೆಚ್ಚಬೇಕು.

ವಿಚಾರಣೆಗೆ ಮುಂಚೆ ಲಿಟ್‌ಮನ್ ಜೆನ್ನಿಫರಳ ಡೈರಿ ತಮಗೆ ಬೇಕೆಂದು ಕೇಳಿದ್ದರು. ಅದರಲ್ಲಿ ಅವಳ ಲೈಂಗಿಕ ಜೀವನದ ವಿವರಗಳಿವೆ ಎಂಬ ಸುದ್ದಿ ಹಬ್ಬಿ, ಪತ್ರಿಕೆಗಳು ಅದಕ್ಕೆ ಒಂದು ಹೊಲಸು ಹೆಸರನ್ನೂ ಕೊಟ್ಟವು. ಯಾರನ್ನು ಎಲ್ಲಿ ಭೇಟಿಯಾಗಬೇಕು ಎಂಬಂಥ ಟಿಪ್ಪಣಿಗಳೇ ಹೆಚ್ಚಿದ್ದ ಪುಸ್ತಕ ಅದು. ನ್ಯಾಯಮೂರ್ತಿ ಬೆಲ್ ತಾವೊಬ್ಬರೇ ಅದನ್ನು ಓದಿದರು. ಪ್ರಕರಣಕ್ಕೆ ಸಂಬಂಧವಿಲ್ಲ ಎಂದು ಹೇಳಿ ಆರೋಪಿಯ ವಕೀಲರಿಗೆ ಕೊಡಲಿಲ್ಲ. ಆ ವಿಡಿಯೊ ಹೇಳಿಕೆ, ಆ ‘ಹೌದು’, ಆ ಗೊಂಬೆಯ ದೃಶ್ಯ, ಎರಡು ಚಿತ್ರ, ಒಂದು ಪುಸ್ತಕ ಎಲ್ಲವನ್ನೂ ಈಗ ಯಾರು ಬೇಕಾದರೂ ನೋಡಬಹುದು, ಓದಬಹುದು. ಉತ್ತಮ ಪುರುಷದಲ್ಲಿ, ಅವಳದೇ ಕೈಬರಹದಲ್ಲಿದ್ದ ಆ ಪುಸ್ತಕ ಮಾತ್ರ ಮುಚ್ಚಿಯೇ ಉಳಿಯಿತು.